ನಲವತ್ತೊಂದನೆಯ ಹಾಳೆ

ಫೆಬ್ರವರಿ 4

ಅತ್ತಿಗೆ,

ಹೇಗಿದ್ದೀರಿ? ತಡವಾಯಿತು ಎಂದು ಬರೆಯಲೂ ನಾಚಿಕೆಯಾಗುತ್ತದೆ. ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ನನ್ನ ಬಸ್ಸಿಗೆ, ಅಷ್ಟರಲ್ಲೇ ನಮ್ಮ ಮಾತು ಮುಗಿದಿತ್ತು. ಅಣ್ಣ ಹೋಗಿ ಆಗಲೇ ನಾಲ್ಕು ತಿಂಗಳು.

ಒಂದು ಕೆಲಸದ ಮಾತು. ನಮ್ಮ ಕಂಪನಿಯ ಕೈಪಿಡಿ ಎರಡನೇ ಸಲ ಅಚ್ಚಿಗೆ ಹೋಗುತ್ತಿದೆ. ಮನೆಯ ದೀಪ, ಪಂಪು, ಬಾಗಿಲ ಗಂಟೆ ಇವೆಲ್ಲ ಒಂದಕ್ಕೊಂದು ಸುದ್ದಿ ಹೇಳಿಕೊಳ್ಳುವ ಹಾಗೆ ಮಾಡುವುದು ಹೇಗೆ ಎಂದು ನಾನು ಬರೆಯುತ್ತಿದ್ದೆನಲ್ಲ, ಅದೇ. ನಾನು ಬರೆದ ಹಾಳೆ ಮೊದಲು ಅಣ್ಣನ ಹತ್ತಿರ ಬರುತ್ತಿತ್ತು. ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಮಾಡಿ ನೋಡಿ, ಎಡವಿದ ಕಡೆ ಪೆನ್ಸಿಲಿನಲ್ಲಿ ಗೀಚಿ ಅಂಚೆಗೆ ಹಾಕುತ್ತಿದ್ದ. "ನಾನು ನಿನ್ನ ಮೊದಲನೇ ದಡ್ಡ ಕಣೇ. ನಂಗೆ ಅರ್ಥ ಆದ್ರೆ ಎಲ್ಲಾರ್ಗೂ ಅರ್ಥ ಆಗತ್ತೆ" ಎನ್ನುತ್ತಿದ್ದ. ಇಪ್ಪತ್ತು ವರ್ಷ ರೇಡಿಯೋ, ಮಿಕ್ಸಿ ರಿಪೇರಿ ಮಾಡಿದವನಂಥ ದಡ್ಡ ಯಾವ ಕಂಪನಿಗೂ ಸಿಕ್ಕಿರಲಿಕ್ಕಿಲ್ಲ.

ಕೊನೆಗೆ ಕಳಿಸಿದ ಹನ್ನೆರಡು ಹಾಳೆಗಳು ವಾಪಸು ಬರಲಿಲ್ಲ, ಮೂವತ್ತರಿಂದ ನಲವತ್ತೊಂದರವರೆಗೆ. ಅವನು ರಿಪೇರಿ ಮಾಡುತ್ತಿದ್ದ ಶೆಡ್ಡಿನಲ್ಲಿ ಎಲ್ಲಾದರೂ ಇದ್ದಾವು. ಹುಡುಕಿ ಕಳಿಸುತ್ತೀರಾ? ನಲವತ್ತೊಂದನೆಯದು ಮುಖ್ಯವಾಗಿ ಬೇಕು. ಅವಸರವೇನಿಲ್ಲ, ಈ ತಿಂಗಳೊಳಗೆ ಆದರೆ ಸಾಕು.

ಇಂತಿ,
ಚೂಟಿ


ಫೆಬ್ರವರಿ 15

ಚೂಟಿಗೆ,

ಕಾಗದ ಬಂತು. ಶೆಡ್ಡಿನ ಬೀಗ ಅವತ್ತು ಹಾಕಿದ್ದು ಹಾಗೇ ಇತ್ತು. ನಿನಗೋಸ್ಕರ ತೆಗೆದೆ. ಹನ್ನೊಂದು ಹಾಳೆ ಸಿಕ್ಕವು, ಇದರ ಜೊತೆ ಇಟ್ಟಿದ್ದೇನೆ. ನಲವತ್ತೊಂದು ಸಿಗಲಿಲ್ಲ. ಇಲಿ ಎಳೆದುಕೊಂಡು ಹೋಗಿರಬೇಕು.

ನೀನು ಕೆಲಸದ ಮಾತು ಕೇಳಿದ್ದಕ್ಕೆ ನಾನೂ ಒಂದು ಕೇಳುತ್ತೇನೆ. ಅಡುಗೆಮನೆ ಗೋಡೆಯ ಪರದೆಯಲ್ಲಿ ನಿಮ್ಮಣ್ಣ ಮಾಡಿಟ್ಟದ್ದೆಲ್ಲ ಪಟ್ಟಿಯಾಗಿ ಕಾಣುತ್ತದೆ. ಪಂಪಿಗೆ ಗೊಣಗಪ್ಪ ಎಂದು ಹೆಸರು. ಬಾಗಿಲ ಗಂಟೆಗೆ ಬಂದರು ಬಂದರು. ಒಲೆ ಪಕ್ಕದ್ದಕ್ಕೆ ಹಾಲು ಉಕ್ಕಿತು ಮಹಾರಾಯ್ತಿ. ಕಿವಿ ಕೇಳದ ಹೆಂಡತಿಗೆ ಮನೆಯೆಲ್ಲ ಕಣ್ಣಿಗೆ ಕಾಣಲಿ ಎಂದು ಒಂದೊಂದಕ್ಕೂ ಒಂದೊಂದು ದೀಪ ಹಾಕಿದ್ದಾರೆ. ಅವೆಲ್ಲ ಸರಿಯಾಗಿವೆ.

ಕೊನೆಯ ಸಾಲು ಮಾತ್ರ ಹೋಗುವುದಿಲ್ಲ. ಅದರ ಹೆಸರು ನಾನಿದ್ದೀನಿ. ಒಲೆಯ ಮೇಲಿನ ಅದರ ದೀಪ ಅವತ್ತಿನಿಂದ ಕೆಂಪಾಗೇ ಇದೆ. ಕರೆಂಟು ಹೋಗಿ ಬಂದರೂ ಮತ್ತೆ ಕೆಂಪು. ಕೈ ಒರೆಸುವ ಬಟ್ಟೆ ಹೊದಿಸಿದ್ದೇನೆ, ಬಟ್ಟೆಯೊಳಗಿಂದಲೂ ಕಾಣುತ್ತದೆ. ಹೇಗೆ ತೆಗೆಯುವುದು?

ಅತ್ತಿಗೆ


ಫೆಬ್ರವರಿ 24

ಅತ್ತಿಗೆ,

ಹಾಳೆಗಳು ತಲುಪಿದವು. ಲಕೋಟೆಯನ್ನು ಕಚೇರಿಯಲ್ಲಿ ಒಡೆಯಬಾರದಿತ್ತು. ಮೂವತ್ತಮೂರನೆಯದರ ಅಂಚಿನಲ್ಲಿ ಅಣ್ಣ ಬರೆದಿದ್ದಾನೆ: "ಈ ವಾಕ್ಯ ಓದಿ ಮುಗಿಸೋ ಹೊತ್ತಿಗೆ ಗಿರಾಕಿಗೆ ಮೊಮ್ಮಕ್ಕಳಾಗಿರ್ತಾರೆ. ತುಂಡು ಮಾಡು." ನಕ್ಕುಬಿಟ್ಟೆ. ಪಕ್ಕದ ಮೇಜಿನವಳು ಏನೆಂದು ಕೇಳಿದಾಗ ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿದೆ.

ನಿಮ್ಮ ಪ್ರಶ್ನೆಗೆ ಉತ್ತರ. ಆ ಪಟ್ಟಿಯನ್ನು ಯಾರೂ ಕೂತು ಬರೆದದ್ದಲ್ಲ. ಮನೆಯ ಪ್ರತಿಯೊಂದು ಸಾಧನವೂ ಕರೆಂಟು ಬಂದ ಕೂಡಲೇ ಕಪಾಟಿನ ಮೇಲಿನ ಕಪ್ಪು ಪೆಟ್ಟಿಗೆಗೆ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ: ನನ್ನ ಹೆಸರು ಇದು, ನನ್ನ ಕೆಲಸ ಇದು, ನನ್ನ ಸುದ್ದಿ ಬೇಕಾದರೆ ಈ ವಿಳಾಸದಲ್ಲಿ ಕೇಳಿ. ಜೊತೆಗೆ ಇನ್ನೊಂದು ಮಾತನ್ನೂ ಪೆಟ್ಟಿಗೆಯ ಕೈಲಿ ಕೊಟ್ಟಿಡುತ್ತದೆ. ನಾನು ಹೇಳದೆ ಕೇಳದೆ ಇಷ್ಟು ಹೊತ್ತು ಸುಮ್ಮನಾದರೆ, ನನ್ನ ಪರವಾಗಿ ಇದನ್ನು ಎಲ್ಲರಿಗೂ ಹೇಳಿಬಿಡು ಎಂದು. ಕೊನೆಯ ಮಾತನ್ನು ಮೊದಲೇ ಬರೆದಿಟ್ಟ ಹಾಗೆ. ಪೆಟ್ಟಿಗೆ ಇದಾವುದನ್ನೂ ತಾನಾಗಿ ಮರೆಯುವುದಿಲ್ಲ. ಮರೆಸಬೇಕಾದರೆ ಆ ಸಾಧನದ ವಿಳಾಸಕ್ಕೆ ಖಾಲಿ ಸಂದೇಶ ಕಳಿಸಬೇಕು. ಪರದೆಯಲ್ಲಿ ಹೆಸರಿನ ಮೇಲೆ ಬೆರಳಿಟ್ಟು, ಏನೂ ಬರೆಯದೆ, ಕಳಿಸು ಎಂದು ಒತ್ತಿ. ಪಟ್ಟಿಯಿಂದ ಹೋಗುತ್ತದೆ, ದೀಪವೂ ಆರುತ್ತದೆ.

ನಾನಿದ್ದೀನಿ ಎಂದರೆ ಅಣ್ಣ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಿಲ್ಲೆ, ನಲವತ್ತೊಂದನೆಯ ಹಾಳೆ ಅದರದೇ. ತಲೆ ತಿರುಗಿ ಬೀಳುವ ಕಾಯಿಲೆ ಶುರುವಾದ ಮೇಲೆ ಅವನು ಮಾಡಿಕೊಂಡದ್ದು. ದಾರದ ಒಂದು ತುದಿ ಬೆಂಚಿಗೆ, ಇನ್ನೊಂದು ತುದಿ ಬಿಲ್ಲೆಯ ಪಿನ್ನಿಗೆ. ಬಿದ್ದರೆ ಪಿನ್ನು ಕಿತ್ತುಬರುತ್ತದೆ, ಬಿಲ್ಲೆ ಸತ್ತುಹೋಗುತ್ತದೆ, ಪೆಟ್ಟಿಗೆ ಅದರ ಕೊನೆಯ ಮಾತನ್ನು ಹೇಳಿ ನಿಮ್ಮ ಹಸಿರು ದೀಪವನ್ನು ಕೆಂಪು ಮಾಡುತ್ತದೆ. ಹಾಳೆಗಾಗಿ ಒಂದು ವಿಷಯ ಬೇಕಿತ್ತು. ಅವತ್ತು ಅಣ್ಣ ಬಿದ್ದ ಎಷ್ಟು ಹೊತ್ತಿಗೆ ದೀಪ ಕೆಂಪಾಯಿತು? ನೆನಪಿದ್ದರೆ ಬರೆಯಿರಿ.

ಚೂಟಿ


ಮಾರ್ಚ್ 6

ಚೂಟಿಗೆ,

ಬಿದ್ದ ಕೂಡಲೇ ಕೆಂಪಾಯಿತು. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಾಗಲೇ ಹೇಳಿದ್ದೆ. ಅದೇ ಈಗಲೂ.

ನೀನು ಹೇಳಿದ ಹಾಗೆ ಹೆಸರಿನ ಮೇಲೆ ಬೆರಳಿಟ್ಟೆ. ಖಾಲಿ ಜಾಗ ಬಂತು. ಏನೂ ಬರೆಯದೆ ಕಳಿಸುವುದು ಎಂದರೆ ಹೇಗೋ, ಕೈ ಏಳಲಿಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊದಿಸಿದೆ. ಸದ್ಯಕ್ಕೆ ಸಾಕು.

ಹಾಳೆಗಳಲ್ಲಿ ಅವರು ಬರೆದದ್ದನ್ನು ಓದಿ ನೀನು ನಕ್ಕಿದ್ದು ಒಳ್ಳೆಯದಾಯಿತು. ಇಲ್ಲಿ ನನಗೆ ಹಾಗೆ ನಗಲು ಯಾರೂ ಕಾಗದ ಬರೆದಿಟ್ಟಿಲ್ಲ. ಪಂಪು ನಿಂತಾಗ ಗೊಣಗಪ್ಪ ಮುನಿಸಿಕೊಂಡಿದ್ದಾನೆ ಎಂದು ಪರದೆಯಲ್ಲಿ ಬರುತ್ತದೆ. ಮೊದಲು ನಗು ಬರುತ್ತಿತ್ತು.

ಅತ್ತಿಗೆ


ಮಾರ್ಚ್ 14

ಅತ್ತಿಗೆ,

ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಮ್ಮೆ ಕೇಳುತ್ತಿದ್ದೇನೆ. ಆಸ್ಪತ್ರೆಯ ಕಾಗದದ ನಕಲು ನನ್ನ ಹತ್ತಿರವೂ ಇದೆ. ಬಿದ್ದು ತಲೆಗೆ ಪೆಟ್ಟಾಗಿ ಸುಮಾರು ಎರಡು ಗಂಟೆಯ ಮೇಲೆ ತಂದಿದ್ದಾರೆ ಎಂದು ಬರೆದಿದ್ದಾರೆ. ಮನೆಯಿಂದ ಆಸ್ಪತ್ರೆಗೆ ಇಪ್ಪತ್ತೈದು ನಿಮಿಷ. ಕೂಡಲೇ ಕೆಂಪಾಗಿದ್ದರೆ ನಡುವಿನ ಒಂದೂವರೆ ಗಂಟೆ ಎಲ್ಲಿ ಹೋಯಿತು? ನಿಮಗೆ ಗಡಿಯಾರ ನೋಡಿದ ನೆನಪಿಲ್ಲವೇ?

ನಲವತ್ತೊಂದನೆಯ ಹಾಳೆಯನ್ನು ದಯವಿಟ್ಟು ಇನ್ನೊಂದು ಸಲ ಹುಡುಕಿ. ನಮ್ಮ ಅಣ್ಣ ಹಾಳೆ ಕಳೆಯುವವನಲ್ಲ.

ಚೂಟಿ


ಏಪ್ರಿಲ್ 2

ಚೂಟಿಗೆ,

ಸುತ್ತಿ ಬಳಸಿ ಕೇಳುವುದು ಯಾಕೆ? ನೇರವಾಗಿ ಕೇಳು. ನಮ್ಮಣ್ಣ ಬಿದ್ದು ರಕ್ತ ಸುರಿಸುತ್ತಿದ್ದಾಗ ಅತ್ತಿಗೆ ಏನು ಮಾಡುತ್ತಿದ್ದಳು ಎಂದು ತಾನೇ ನಿನಗೆ ಬೇಕಾದದ್ದು? ಅದಕ್ಕೆ ಹಾಳೆ, ಪುಸ್ತಕ, ಅಚ್ಚು ಎಂದೆಲ್ಲ ಮುಸುಕು ಹಾಕಬೇಕಾಗಿರಲಿಲ್ಲ.

ಡಾಕ್ಟರು ನನ್ನ ಮುಂದೆಯೇ ಹೇಳಿದರು, "ಒಂದು ಗಂಟೆ ಮೊದಲು ತಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದು. ನನಗೆ ಕಿವಿ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ತುಟಿ ಓದಲು ಬರುತ್ತದೆ ಎಂದು ಗೊತ್ತಿರಲಿಲ್ಲ. ನರ್ಸಿನ ಕಡೆ ತಿರುಗಿ ಹೇಳಿದರು. ನಾನು ಓದಿಕೊಂಡೆ.

ಹದಿನಾರು ವರ್ಷ ನಿನ್ನನ್ನು ತಂಗಿ ಎಂದುಕೊಂಡಿದ್ದೆ. ಇನ್ನು ಕಾಗದ ಬರೆಯಬೇಡ.


ಏಪ್ರಿಲ್ 11

ಅತ್ತಿಗೆ,

ಬರೆಯಬೇಡ ಎಂದಿದ್ದೀರಿ. ಇದೊಂದನ್ನು ಓದಿ, ಆಮೇಲೆ ಹರಿದು ಹಾಕಿ.

ನೀವು ತಿಳಿದುಕೊಂಡದ್ದು ಪೂರ್ತಿ ತಲೆಕೆಳಗು. ಅನುಮಾನ ಇದ್ದದ್ದು ನನಗೆ ನನ್ನ ಮೇಲೆ. ನವೆಂಬರಿನಲ್ಲಿ ಒಬ್ಬ ಗಿರಾಕಿ ದೂರು ಬರೆದಿದ್ದ. ಪಂಪಿನ ತಂತಿ ಕಿತ್ತುಹೋಗಿ ಒಂದೂವರೆ ಗಂಟೆಯಾದ ಮೇಲೆ ಪರದೆಯಲ್ಲಿ ಸುದ್ದಿ ಬಂತು, ಅಷ್ಟರಲ್ಲಿ ತೊಟ್ಟಿ ಬರಿದಾಗಿತ್ತು ಎಂದು. ನಲವತ್ತೊಂದನೆಯ ಪುಟದಲ್ಲಿ ಬಿಲ್ಲೆಗೆ ಹೇಳಿದ್ದನ್ನೇ ನೋಡಿಕೊಂಡು ಪಂಪಿಗೂ ಮಾಡಿದೆ ಎಂದೂ ಬರೆದಿದ್ದ. ಪುಟ ತೆಗೆದು ನೋಡಿದೆ. ತಪ್ಪು ಅಲ್ಲೇ ಇತ್ತು.

ಮೂವತ್ತೆಂಟನೆಯ ಹಾಳೆಯಲ್ಲಿ ನೀರಿನ ಮಟ್ಟ ಅಳೆಯುವ ಸಾಧನದ ಉದಾಹರಣೆ ಇದೆ. ಬ್ಯಾಟರಿ ಉಳಿಸಲು ಅದು ಗಂಟೆಗೊಮ್ಮೆ ಮಾತ್ರ ಬಾಯಿ ಬಿಡುತ್ತದೆ. ಹಾಗಾಗಿ ಎಷ್ಟು ಹೊತ್ತು ಕಾಯಬೇಕು ಎನ್ನುವ ಕಡೆ ಮೂರು ಸಾವಿರದ ಆರುನೂರು ಸೆಕೆಂಡು ಎಂದು ಹಾಕಬೇಕು. ಅವತ್ತು ಸಂಜೆಯೊಳಗೆ ಹಾಳೆಗಳನ್ನು ಅಂಚೆಗೆ ಹಾಕುವ ಗಡಿಬಿಡಿ. ಅದೇ ನಾಲ್ಕು ಸಾಲು ಎತ್ತಿ ನಲವತ್ತೊಂದಕ್ಕೆ ಅಂಟಿಸಿದೆ. ಹೆಸರು ಬದಲಿಸಿದೆ, ವಿಳಾಸ ಬದಲಿಸಿದೆ. ಅಂಕಿ ಬದಲಿಸಲಿಲ್ಲ. ಅಲ್ಲಿ ಅರವತ್ತು ಇರಬೇಕಿತ್ತು. ಹೇಳಿದ್ದರ ಒಂದೂವರೆ ಪಟ್ಟು ಹೊತ್ತು ಕಾದು ನೋಡುವುದು ಪೆಟ್ಟಿಗೆಯ ರೂಢಿ. ಅರವತ್ತು ಎಂದಿದ್ದರೆ ಒಂದೂವರೆ ನಿಮಿಷ ಕಾಯುತ್ತಿತ್ತು. ನಾನು ಬರೆದದ್ದಕ್ಕೆ ಒಂದೂವರೆ ಗಂಟೆ ಕಾಯಿತು.

ಅಣ್ಣನ ಹಾಳೆ ವಾಪಸು ಬಾರದೆಯೇ ಮೊದಲ ಸಲ ಪುಸ್ತಕ ಅಚ್ಚಾಗಿತ್ತು. ಅವನು ಆ ಪುಟವನ್ನು ಅನುಸರಿಸಿದನೋ ಇಲ್ಲವೋ, ತಪ್ಪು ಹಿಡಿದು ತಿದ್ದಿಕೊಂಡಿದ್ದನೋ, ಅದೊಂದೇ ನನಗೆ ಬೇಕಿತ್ತು. ಐದು ತಿಂಗಳಿನಿಂದ ದೇವರೇ ತಿದ್ದಿಕೊಂಡಿರಲಿ ಎನ್ನುತ್ತಾ ಎದ್ದು ಕೆಲಸಕ್ಕೆ ಹೋಗುತ್ತಿದ್ದೇನೆ. ಕೂಡಲೇ ಕೆಂಪಾಯಿತು ಎಂದು ನೀವು ಬರೆದಾಗ ಒಂದು ದಿನ ಉಸಿರು ಬಂತು. ಆಮೇಲೆ ಆಸ್ಪತ್ರೆಯ ಕಾಗದ ತೆಗೆದು ಲೆಕ್ಕ ಹಾಕಿದೆ.

ನಿಮ್ಮನ್ನು ನಾನು ಏನು ಕೇಳಲಿ ಅತ್ತಿಗೆ? ನಿಮಗೆ ಹಸಿರು ದೀಪ ತೋರಿಸುತ್ತಾ ಕೂತವಳು ನಾನು.

ಚೂಟಿ


ಮೇ 16

ಚೂಟಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ನಾಲ್ಕು ಸಲ ಕೂತು ಎದ್ದೆ.

ನಲವತ್ತೊಂದನೆಯ ಹಾಳೆ ಇದರ ಜೊತೆ ಇದೆ. ಇಲಿ ತಿಂದಿರಲಿಲ್ಲ. ಶೆಡ್ಡಿನ ಬೀಗ ತೆಗೆದ ದಿನವೇ ಸಿಕ್ಕಿತ್ತು, ಬೆಂಚಿನ ಮೇಲೆ ಎಲ್ಲದಕ್ಕಿಂತ ಮೇಲಿತ್ತು. ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು ನೀನು ಓದಬಾರದು ಎಂದು ಬಚ್ಚಿಟ್ಟೆ. ನಿನಗೆ ತಪ್ಪು ಗೊತ್ತಿಲ್ಲದಿದ್ದರೆ ಕೊನೆಯವರೆಗೂ ಬಚ್ಚಿಡುತ್ತಿದ್ದೆ. ಈಗ ಗೊತ್ತಿದೆ. ಅವರ ಅಕ್ಷರ ನಿನ್ನ ಹತ್ತಿರ ಇರಲಿ.

ಅವತ್ತು ಬೆಳಿಗ್ಗೆ ನಮಗೆ ಜಗಳವಾಗಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದೆ. "ನಂಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀನಿ" ಎಂದರು. ನಾನು ಬಿಡಲಿಲ್ಲ. ಆಗ ಮುಖ ತಿರುಗಿಸಿಕೊಂಡು ಏನೋ ಹೇಳಿ ಶೆಡ್ಡಿಗೆ ಹೋದರು. ನನ್ನ ಹತ್ತಿರ ಜಗಳ ಗೆಲ್ಲಲು ಅವರಿಗೆ ಅಷ್ಟು ಸಾಕಿತ್ತು. ಮುಖ ತಿರುಗಿಸಿದರೆ ಏನು ಹೇಳಿದರು ಎಂದೇ ನನಗೆ ಗೊತ್ತಾಗುವುದಿಲ್ಲವಲ್ಲ.

ಮುಕ್ಕಾಲು ಗಂಟೆ ಕಳೆದು, ಹನ್ನೆರಡೂವರೆಗೆ ಊಟಕ್ಕೆ ಕರೆದೆ. ನಮ್ಮ ಕರೆಯುವ ಕ್ರಮ ನಿನಗೆ ಗೊತ್ತು. ಶೆಡ್ಡಿನ ಬಲ್ಬಿನ ಸ್ವಿಚ್ಚು ಅಡುಗೆಮನೆಯಲ್ಲಿದೆ, ಮೂರು ಸಲ ಆರಿಸಿ ಹಚ್ಚುತ್ತೇನೆ. ಬಂದೆ ಎನ್ನಲು ಅವರು ಬಿಲ್ಲೆಯ ಗುಂಡಿ ಒತ್ತಿ ನನ್ನ ದೀಪವನ್ನು ಒಮ್ಮೆ ಮಿಟುಕಿಸುತ್ತಾರೆ. ಅವತ್ತು ಮಿಟುಕಿಸಲಿಲ್ಲ. ಇನ್ನೊಮ್ಮೆ ಕರೆದೆ. ಇಲ್ಲ. ದೀಪ ನೋಡಿದೆ, ಹಸಿರಾಗಿತ್ತು. ಇದ್ದಾರೆ, ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡೆ. ಹೋಗಿ ರಮಿಸಲು ನನಗೇನು ಬಂದಿದೆ ಎಂದುಕೊಂಡೆ. ಬಡಿಸಿಕೊಂಡು ಉಂಡೆ, ಚೂಟಿ. ಹೊಟ್ಟೆ ತುಂಬ ಉಂಡೆ. ಹಟಕ್ಕೆ ಎರಡನೇ ಸಲ ಬಡಿಸಿಕೊಂಡೆ. ಪಾತ್ರೆ ತೊಳೆದು, ತಿರುಗಿ ನೋಡುವಾಗ ಹಸಿರು ಕೆಂಪಾಯಿತು. ಎರಡು ಗಂಟೆಗೆ ಎರಡು ನಿಮಿಷ ಇತ್ತು.

ಕೂಡಲೇ ಕೆಂಪಾಯಿತು ಎಂದು ಆಸ್ಪತ್ರೆಯಲ್ಲಿ ನಿನಗೆ ಹೇಳಿದ್ದು ನಿನ್ನನ್ನು ಕಾಯಲು ಅಲ್ಲ. ಆಗ ನನಗೆ ಅಂಕಿಯ ವಿಷಯ ಏನು ಗೊತ್ತಿತ್ತು? ಉಂಡದ್ದನ್ನು ಹೇಳಲು ಬಾಯಿ ಬರಲಿಲ್ಲ. ಯಂತ್ರ ತಡ ಮಾಡಿತು ಎಂದು ನಿನ್ನ ಕಾಗದ ಹೇಳುತ್ತದೆ. ಮಾಡಲಿ. ಯಂತ್ರ ಬರುವ ಮೊದಲು ಅವರು ಉತ್ತರ ಕೊಡದಿದ್ದರೆ ನಾನು ಎದ್ದು ಹೋಗಿ ನೋಡುತ್ತಿದ್ದೆ.

ಅತ್ತಿಗೆ


ಮೇ 27

ಅತ್ತಿಗೆ,

ಹಾಳೆ ಓದಿದೆ. ಒಂದೇ ಸಲ ಓದಿದೆ, ಆದರೂ ಬಾಯಿಪಾಠವಾಗಿದೆ. "ಇದನ್ನ ಪರೀಕ್ಷೆ ಮಾಡ್ಲಿಲ್ಲ. ದೀಪ ನೋಡ್ತಾ ಕೂರೋಕೆ ಯಾರಿಗೆ ಪುರುಸೊತ್ತು. ಚೂಟಿ ಬರೆದಿದ್ದು, ಸರಿಯಾಗೇ ಇರತ್ತೆ."

ನನ್ನ ನಲವತ್ತು ಹಾಳೆಗಳಲ್ಲಿ ಒಂದನ್ನೂ ಅವನು ಬೈಯದೆ ಬಿಟ್ಟಿರಲಿಲ್ಲ. ಇದೊಂದನ್ನು ನಂಬಿದ.

ಸಮಾಧಾನದ ಮಾತು ನನಗೆ ಬರೆಯಲು ಬಾರದು, ನಿಮಗೂ ಅದು ಬೇಕಾಗಿಲ್ಲ ಎಂದುಕೊಂಡಿದ್ದೇನೆ. ಮಾಡಿದ್ದನ್ನು ಹೇಳುತ್ತೇನೆ. ತಪ್ಪು ನನ್ನದು ಎಂದು ಕಂಪನಿಗೆ ಬರೆದುಕೊಟ್ಟೆ. ಮೊದಲ ಪುಸ್ತಕ ಹೋದ ಮನೆಗಳಿಗೆಲ್ಲ ತಿದ್ದುಪಡಿಯ ಚೀಟಿ ಹೋಗುತ್ತಿದೆ. ನಲವತ್ತೊಂದನೆಯ ಹಾಳೆಯನ್ನು ಹೊಸದಾಗಿ ಬರೆದೆ. ಎಂಟನೇ ಹೆಜ್ಜೆ ನೋಡಿ ನಮ್ಮ ಸಂಪಾದಕರು, "ನಮ್ಮ ಸಾಮಾನನ್ನ ನಂಬಬೇಡಿ ಅಂತ ನಾವೇ ಬರೆಯೋದಾ?" ಎಂದರು. ಹೌದು ಎಂದೆ. ಅದು ಇಲ್ಲದಿದ್ದರೆ ಪುಸ್ತಕದ ಮೇಲೆ ನನ್ನ ಹೆಸರು ಬೇಡ ಎಂದೆ.

ಹಾಳೆಯನ್ನು ಯಾರೂ ಮಾಡಿ ನೋಡದೆ ಈ ಸಲ ಅಚ್ಚಿಗೆ ಕೊಡುವುದಿಲ್ಲ. ಅಣ್ಣನ ಕೆಲಸ ನಿಮಗೆ ವಹಿಸುತ್ತಿದ್ದೇನೆ. ಆಗುವುದಿಲ್ಲ ಎಂದರೆ ಹಾಗೇ ವಾಪಸು ಕಳಿಸಿ. ರಜೆ ಸಿಕ್ಕಿದರೆ ನಾನೇ ಬಂದು ಜೊತೆಗೆ ಕೂರುತ್ತೇನೆ.

ಚೂಟಿ

(ಲಕೋಟೆಯಲ್ಲಿದ್ದ ಹಾಳೆಯ ಕೊನೆಯ ಭಾಗ)

6. ಕಾಯುವ ಅವಧಿ: 60. ಇದು ಸೆಕೆಂಡುಗಳಲ್ಲಿ. ಬೇರೆ ಪುಟದ ಅಂಕಿಯನ್ನು ಇಲ್ಲಿ ಹಾಕಬೇಡಿ.

7. ಬಿಲ್ಲೆಯನ್ನು ಕಟ್ಟಿಕೊಳ್ಳುವ ಮೊದಲು ದಾರ ಎಳೆದು ಪಿನ್ನು ಕೀಳಿ. ದೀಪದ ಮುಂದೆ ನಿಂತು ಎಣಿಸಿ. ನೂರು ಎಣಿಸುವುದರೊಳಗೆ ಕೆಂಪಾಗದಿದ್ದರೆ ಕಟ್ಟಿಕೊಳ್ಳಬೇಡಿ. ಬರೆದವರು ಯಾರೇ ಆಗಿರಲಿ, ಈ ಹೆಜ್ಜೆಯನ್ನು ಬಿಡಬೇಡಿ.

8. ದೀಪ ಹೇಳುವುದು ಪೆಟ್ಟಿಗೆ ಕೊನೆಯ ಸಲ ಕೇಳಿದ್ದನ್ನು ಮಾತ್ರ. ಕರೆದಾಗ ಉತ್ತರ ಬರದಿದ್ದರೆ, ಹಸಿರಾಗಿದ್ದರೂ, ಹೋಗಿ ನೋಡಿ.


ಜೂನ್ 8

ಚೂಟಿಗೆ,

ಹಾಳೆ ಮಾಡಿ ನೋಡಿದೆ. ಪೆನ್ಸಿಲು ಅವರದೇ, ತುದಿಯನ್ನು ಕಚ್ಚಿ ಹಾಳು ಮಾಡಿದ್ದಾರೆ.

ಎರಡನೇ ಹೆಜ್ಜೆಯಲ್ಲಿ ಯಾವ ಗುಂಡಿ ಎಂದು ಹೇಳಿಲ್ಲ, ಎರಡಿವೆ. ಐದರಲ್ಲಿ ಆನಂತರ ಎಂದು ಎರಡು ಸಲ ಬರೆದಿದ್ದೀಯ. ನಾಲ್ಕನೆಯದು ನನಗೆ ಮೂರು ಸಲ ಓದಿದರೂ ತಿಳಿಯಲಿಲ್ಲ, ತುಂಡು ಮಾಡು. ಅರವತ್ತು ಎಂದು ಹಾಕುವಾಗ ಹಳೆಯ ಅಂಕಿ ಅಲ್ಲೇ ಕೂತಿತ್ತು. ಅಳಿಸಿದೆ.

ಪಿನ್ನು ಸಿಕ್ಕಿಸಿದಾಗ ಬಟ್ಟೆ ತೆಗೆದು ನೋಡಿದೆ. ಹಸಿರಾಗಿತ್ತು. ಪರದೆಯಲ್ಲಿ ನಾನಿದ್ದೀನಿ ಎಂದು ಬಂತು. ನೀನು ಇದನ್ನು ಮೊದಲೇ ಹೇಳಬೇಕಿತ್ತು, ಪರಿಚಯ ಮತ್ತೆ ಹೇಳಿಕೊಳ್ಳುತ್ತದೆ ಎಂದು. ಹಾಳೆಯಲ್ಲಿ ಆ ಮಾತು ಸೇರಿಸು, ಬೇರೆ ಮನೆಗಳಲ್ಲೂ ನನ್ನಂಥವರು ಯಾರಾದರೂ ಇರುತ್ತಾರೆ.

ಏಳನೆಯದು: ಶೆಡ್ಡಿನಲ್ಲಿ ದಾರ ಎಳೆದು, ಎಣಿಸುತ್ತಾ ಅಡುಗೆಮನೆಗೆ ಬಂದು ನಿಂತೆ. ಎಂಬತ್ತೊಂದಕ್ಕೆ ಕೆಂಪಾಯಿತು. ಸರಿ ಇದೆ.

ಎಂಟನೆಯದು: ಪಿನ್ನು ಮತ್ತೆ ಸಿಕ್ಕಿಸಿ ಬಿಲ್ಲೆಯನ್ನು ಬೆಂಚಿನ ಮೇಲಿಟ್ಟು ಬಂದೆ. ದೀಪ ಹಸಿರಾಗಿತ್ತು. ಬಲ್ಬಿನ ಸ್ವಿಚ್ಚನ್ನು ಮೂರು ಸಲ ಆರಿಸಿ ಹಚ್ಚಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದೆ. ಹಸಿರಾಗೇ ಇತ್ತು. ಕೈ ಒರೆಸಿಕೊಂಡು ಹೋಗಿ ನೋಡಿದೆ.

ನೀನು ಬರುತ್ತೇನೆ ಎಂದು ಬರೆದಿದ್ದೀಯ. ಈಗ ಬೇಡ. ನಿನ್ನ ಮುಖ ಅವರದೇ, ನನಗೆ ಇನ್ನೂ ನೋಡಲಾಗುವುದಿಲ್ಲ. ಹಾಳೆಗಳನ್ನು ಕಳಿಸುತ್ತಿರು, ಮಾಡಿ ನೋಡಿ ವಾಪಸು ಹಾಕುತ್ತೇನೆ.

ಹೋಗುವಾಗ ಎಣಿಸಿದೆ. ಅಡುಗೆಮನೆಯ ಹೊಸ್ತಿಲಿನಿಂದ ಶೆಡ್ಡಿನ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಇಷ್ಟು ವರ್ಷ ಎಣಿಸಿರಲಿಲ್ಲ. ಇಪ್ಪತ್ತೆರಡೇ ಹೆಜ್ಜೆ, ಚೂಟಿ.

ಹಾಳೆ ಸರಿ ಇದೆ. ಅಚ್ಚಿಗೆ ಕೊಡು.

ಅತ್ತಿಗೆ